ಲೇಪವಿಲ್ಲದ ತಟ್ಟೆ

ಬಯಲುಸೀಮೆಯಲ್ಲಿ ಮಾರ್ಗಶಿರದ ಗಾಳಿ ಬೀಸತೊಡಗಿತೆಂದರೆ ಮಕ್ಕಳ ಕೈಕಾಲುಗಳು ಬಿರಿಯುತ್ತವೆ, ತುಟಿಗಳು ಒಡೆಯುತ್ತವೆ. ಮನೆಯ ಹಿರಿಯರು ಕೊಬ್ಬರಿ ಎಣ್ಣೆಯನ್ನು ಸವರುತ್ತಾರೆ. ಅಂಗಡಿಯವರು ಬಣ್ಣದ ಡಬ್ಬಿಗಳನ್ನು ಮುಂದಿಡುತ್ತಾರೆ. ಇವುಗಳಲ್ಲಿ ಯಾವುದು ಲೇಸು? ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಈ ಪ್ರಶ್ನೆಯನ್ನೇ ಎತ್ತಿಕೊಂಡ ಬಾಲಕಿಗೆ ಉತ್ತರವು ಮೊದಲೇ ತಿಳಿದಂತಿರುತ್ತದೆ: ಅಜ್ಜಿಯ ಎಣ್ಣೆಯೇ ಗೆಲ್ಲಬೇಕು. ಪರೀಕ್ಷೆಯ ಮೊದಲ ಶತ್ರು ಈ ‘ಬೇಕು’.

ಚರ್ಮದ ಹೊರಪದರವು ಬಹು ತೆಳುವಾದುದು. ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು. ಒಳಗಿನ ನೀರು ಇದರ ಮೂಲಕ ಸದಾ ಆವಿಯಾಗಿ ಹೊರಹೋಗುತ್ತಿರುತ್ತದೆ. ಈ ಪದರಕ್ಕೆ ಮೃದುತ್ವವನ್ನು ಕೊಡುವುದು ಎಣ್ಣೆಯಲ್ಲ, ನೀರು ಎಂಬುದನ್ನು ಅಮೆರಿಕದ ವಿಜ್ಞಾನಿ ಇರ್ವಿನ್ ಬ್ಲ್ಯಾಂಕ್ 1952ರಲ್ಲಿ ತೋರಿಸಿಕೊಟ್ಟರು. ಎಣ್ಣೆ, ಪೆಟ್ರೋಲಿಯಂ ಜೆಲ್ಲಿಗಳು ನೀರಿಗೆ ಮುಚ್ಚಳವಾಗುತ್ತವೆ. ಗ್ಲಿಸರಿನ್ ನೀರನ್ನು ತನ್ನೆಡೆಗೆ ಸೆಳೆದು ಹಿಡಿಯುತ್ತದೆ. ಆದ್ದರಿಂದ ಅಳೆಯಬೇಕಾದುದು ಮೈಯ ಹೊಳಪನ್ನಲ್ಲ, ನೀರಿನ ನಷ್ಟವನ್ನು.

ಸಹಪಾಠಿಗಳ ಮೈಮೇಲೆ ಪ್ರಯೋಗ ನಡೆಸುವುದು ಸಲ್ಲದು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ತುರಿಕೆಯನ್ನು ತಂದೀತು. ಕಡಲಪಾಚಿಯಿಂದ ತೆಗೆದ ಅಗರ್ ಪುಡಿಯನ್ನು ನೀರಿನಲ್ಲಿ ಕುದಿಸಿ, ಒಂದೇ ಅಳತೆಯ ತಟ್ಟೆಗಳಿಗೆ 50 ಗ್ರಾಂನಂತೆ ಹೊಯ್ದು ಹೆಪ್ಪುಗಟ್ಟಿಸಿದರೆ ಸಾಕು. ಕೊಬ್ಬರಿ ಎಣ್ಣೆ, ಗ್ಲಿಸರಿನ್, ಪೆಟ್ರೋಲಿಯಂ ಜೆಲ್ಲಿ, ಅಂಗಡಿಯ ಕ್ರೀಮು, ಇವುಗಳಲ್ಲಿ ಒಂದೊಂದಕ್ಕೂ 3 ತಟ್ಟೆಗಳು; ಪ್ರತಿ ತಟ್ಟೆಗೆ 2 ಗ್ರಾಂ ಲೇಪ. ಏನನ್ನೂ ಲೇಪಿಸದವು ಮತ್ತೆ 3. ಈ 15 ತಟ್ಟೆಗಳನ್ನು ಒಂದೇ ಕೋಣೆಯಲ್ಲಿರಿಸಿ, ಆರಂಭದಲ್ಲೊಮ್ಮೆ, 24 ಮತ್ತು 48 ಗಂಟೆಗಳ ಬಳಿಕ ಮತ್ತೆ ತೂಗಬೇಕು. ಕ್ರೀಮಿನಲ್ಲಿ ತನ್ನದೇ ನೀರಿರುತ್ತದೆ. ಗ್ಲಿಸರಿನ್ ಗಾಳಿಯ ತೇವವನ್ನೂ ಹೀರೀತು. ಆದಕಾರಣ ಅಗರ್ ಇಲ್ಲದ ಗಾಜಿನ ಮೇಲೂ ಅಷ್ಟೇ ಲೇಪವನ್ನು ಸವರಿ ತೂಗಿ, ಆ ವ್ಯತ್ಯಾಸವನ್ನು ಲೆಕ್ಕಕ್ಕೆ ತರಬೇಕು. ತಟ್ಟೆಗಳಿಗೆ ಸಂಖ್ಯೆಯನ್ನಷ್ಟೇ ಬರೆದು, ಗೆಲುವಿನ ಆಸೆಯಿಲ್ಲದ ಸಹಪಾಠಿಗೆ ತಕ್ಕಡಿಯನ್ನು ಒಪ್ಪಿಸುವುದು ಲೇಸು.

ಲೇಪವಿಲ್ಲದ ಆ 3 ತಟ್ಟೆಗಳು ನೋಡುವವರಿಗೆ ವ್ಯರ್ಥವೆನಿಸುತ್ತವೆ. ಪರೀಕ್ಷೆಯ ಪ್ರಾಣವಿರುವುದು ಅಲ್ಲಿಯೇ. ಕಾರಣವಿದ್ದೆಡೆ ಕಾರ್ಯವಿರುವುದು ಅನ್ವಯ, ಕಾರಣವಿಲ್ಲದೆಡೆ ಕಾರ್ಯವಿಲ್ಲದಿರುವುದು ವ್ಯತಿರೇಕ ಎಂದು ಭಾರತೀಯ ತಾರ್ಕಿಕರು ಬಹು ಹಿಂದೆಯೇ ವಿವೇಚಿಸಿದ್ದಾರೆ. ಬರಿಯ ತಟ್ಟೆಯು ವ್ಯತಿರೇಕದ ಸ್ಥಾನದಲ್ಲಿ ನಿಂತಿದೆ. ಅದಿಲ್ಲದೆ, ನೀರನ್ನು ಉಳಿಸಿದುದು ಲೇಪವೋ ಆ ದಿನದ ತೇವದ ಹವೆಯೋ ಎಂದು ಹೇಳಲು ಬಾರದು.

ಅಂಕಿಗಳು ಅಜ್ಜಿಯ ಎಣ್ಣೆಯ ಕಡೆಗೆ ನಿಲ್ಲದೆ ಹೋದಾವು. ಆಗ ಒಂದು ತೂಕವನ್ನು ಗುಟ್ಟಾಗಿ ತಿದ್ದಿದರೆ ಕೇಳುವವರಿಲ್ಲ, ಬಹುಮಾನವೂ ಬಂದೀತು. ತಿದ್ದದೆ ಬರೆದು, ಕೆಳಗೆ ‘ಅಗರ್ ಚರ್ಮವಲ್ಲ, ಈ ಫಲಿತಾಂಶ ತಟ್ಟೆಗಷ್ಟೇ ಸಲ್ಲುತ್ತದೆ’ ಎಂಬ ಮಿತಿಯನ್ನೂ ಸೇರಿಸಿದರೆ ಅಜ್ಜಿಗೂ ಅನ್ಯಾಯವಾಗದು, ಸತ್ಯಕ್ಕೂ ಆಗದು. ಪ್ರದರ್ಶನಕ್ಕೆ ಬಂದ ಗುರುಗಳು ‘ಯಾವುದು ಗೆದ್ದಿತು?’ ಎಂದು ಕೇಳುವುದಕ್ಕೆ ಮೊದಲು ‘ಲೇಪವಿಲ್ಲದ ತಟ್ಟೆ ಎಲ್ಲಿ?’ ಎಂದು ಕೇಳಲಿ. ದಾನಿಗಳು ಕೊಡಿಸಿದ ತಕ್ಕಡಿ ಸಾರ್ಥಕವಾಗುವುದು ಆ ಪ್ರಶ್ನೆಯಿಂದ.