ಎಡಗೈಯ ಅಣು, ಬಲಗೈಯ ಅಣು

ಗುಮ್ಮಳಾಪುರದ ಸುತ್ತಿನ ಹಳ್ಳಿಗಳಲ್ಲಿ ಕನ್ನಡದಲ್ಲಿ ಓದು ಕಲಿತು, ಬಿ.ಎಸ್‌ಸಿ. ತರಗತಿಗೆ ಸೇರಿದ ಮಕ್ಕಳಿಗೆ ರಜಾದಿನಗಳಲ್ಲಿ ರಸಾಯನಶಾಸ್ತ್ರವನ್ನು ಹೇಳಿಕೊಡುವ ಭಾಗ್ಯ ನಮ್ಮದಾಗಿದೆ. ಅವರು ಬಹುವಾಗಿ ಅಂಜುವುದು ಸ್ಟೀರಿಯೋಕೆಮಿಸ್ಟ್ರಿಗೆ. ಎಂದರೆ, ಅಣುವಿನೊಳಗೆ ಪರಮಾಣುಗಳು ಯಾವ ಯಾವ ದಿಕ್ಕಿನಲ್ಲಿ ನೆಲೆಗೊಂಡಿವೆಯೆಂದು ವಿಚಾರಿಸುವ ಶಾಸ್ತ್ರಕ್ಕೆ. "ನಾವು ಕನ್ನಡದಲ್ಲಿ ಓದಿದವರು, ಇದು ನಮ್ಮ ತಲೆಗೆ ಹತ್ತದು" ಎಂದು ಅವರು ತಲೆತಗ್ಗಿಸುವಾಗ ನಮ್ಮ ಮನಸ್ಸು ನೋಯುತ್ತದೆ. ಇಂಗ್ಲಿಷಿನಲ್ಲಿಯೇ ಓದಿಬಂದವರೂ ಇಲ್ಲಿ ಎಡವುವುದುಂಟು. ಉದ್ದ ಅಗಲಗಳನ್ನು ಮಾತ್ರ ಬಲ್ಲ ಕರಿಹಲಗೆಯು ಆಳವನ್ನು ನುಂಗಿಬಿಡುವುದೇ ಇದಕ್ಕೆ ಕಾರಣ.

ಇಂಗಾಲದ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿವೆಯೆಂದು ಡಚ್ ವಿಜ್ಞಾನಿ ವಾಂಟ್ ಹಾಫನು 1874ರಲ್ಲಿ ಸಾರಿದಾಗ ಅವನಿಗೆ 22 ವರ್ಷ. ಬರಹವೊಂದೇ ಸಾಲದೆಂದು ಬಗೆದು ಅವನು ರಟ್ಟಿನ ಮಾದರಿಗಳನ್ನು ಮಾಡಿ ವಿದ್ವಾಂಸರಿಗೆ ಕಳುಹಿಸಿದನು.

ನಾವೂ ಅದೇ ಹಾದಿಯನ್ನು ಹಿಡಿದಿದ್ದೇವೆ. ಜೇಡಿಮಣ್ಣಿನ ಉಂಡೆಗೆ ಪೊರಕೆಯ ನಾಲ್ಕು ಕಡ್ಡಿಗಳನ್ನು ಚುಚ್ಚಿಸುತ್ತೇವೆ. ಮೂರು ಮುಕ್ಕಾಲಿಯಂತೆ ಕೆಳಗೆ ಚಾಚಿರಬೇಕು, ಒಂದು ನೆಟ್ಟಗೆ ಮೇಲೆ ನಿಂತಿರಬೇಕು. ಯಾವ ಎರಡರ ನಡುವೆಯೂ ಸುಮಾರು 109.5 ಡಿಗ್ರಿಯ ಕೋನವಿರಬೇಕು. ತುದಿಗಳಿಗೆ ಅವರೆಕಾಳು, ನೆನೆಸಿದ ಕಡಲೆ, ಸುಂಡೆಕಾಯಿ, ನೆಲ್ಲಿಕಾಯಿ. ಬಳಿಕ ಅದರ ಕನ್ನಡಿಯ ಬಿಂಬವನ್ನು ನೋಡಿ ಎರಡನೆಯದನ್ನು ಮಾಡಿಸುತ್ತೇವೆ. ಎಷ್ಟು ತಿರುಗಿಸಿದರೂ, ಎಡಗಾಲಿನ ಪಾದರಕ್ಷೆ ಬಲಗಾಲಿಗೆ ಹೊಂದದಂತೆ, ಅವೆರಡೂ ಒಂದಕ್ಕೊಂದು ಹೊಂದವು. ಒಂದರಲ್ಲಿ ಯಾವ ಎರಡು ಕಾಯಿಗಳನ್ನಾದರೂ ಅದಲುಬದಲು ಮಾಡಿದೊಡನೆ ಹೊಂದಿಬಿಡುತ್ತವೆ. ಮತ್ತೆ ಮೊದಲಿನಂತೆಯೇ ಜೋಡಿಸಿ, ಎರಡರಲ್ಲಿಯೂ ನೆಲ್ಲಿಕಾಯಿಯನ್ನು ತೆಗೆದು ಅಲ್ಲಿ ಇನ್ನೊಂದು ಸುಂಡೆಕಾಯಿಯನ್ನು ಸಿಕ್ಕಿಸಿದರೆ ಎಡಬಲವೆಂಬ ಭೇದವೇ ಅಳಿಯುತ್ತದೆ. ನಾಲ್ಕೂ ಬೇರೆಬೇರೆಯಾಗಿರಬೇಕೆಂಬ ನಿಯಮವನ್ನು ಆಗ ನಾವು ಹೇಳಬೇಕಾಗಿಲ್ಲ, ಮಕ್ಕಳೇ ಹೇಳುತ್ತಾರೆ.

ಇದು ಬರಿಯ ಆಟವೇ ಎಂದು ಕೇಳುವವರಿಗೆ ಮೂಗೇ ಉತ್ತರ ಕೊಡುತ್ತದೆ. ಪುದೀನ ಸೊಪ್ಪಿನಲ್ಲಿಯೂ ಸಬ್ಬಸಿಗೆ ಬೀಜದಲ್ಲಿಯೂ ಇರುವ ಪರಿಮಳದ್ರವ್ಯದ ಹೆಸರು ಒಂದೇ, ಕಾರ್ವೋನ್. ಒಂದರದು ಇನ್ನೊಂದರದರ ಕನ್ನಡಿಬಿಂಬ. ವಾಸನೆಯೋ ಬೇರೆ ಬೇರೆ. ದೂರದ ಮಾತೇಕೆ? ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರು ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದ, ಪ್ರೋಟೀನು ಸರಪಳಿಯ ತಿರುವುಗಳ ನಕ್ಷೆಗೆ ಮೂಲವಾದುದು, ಎರಡು ಪರಮಾಣುಗಳು ಒಂದರ ಜಾಗವನ್ನು ಇನ್ನೊಂದು ಆಕ್ರಮಿಸಲಾರವೆಂಬ ಸರಳ ವಿಚಾರವೇ.

ಅಧ್ಯಾಪಕ ಮಿತ್ರರಲ್ಲಿ ನಮ್ಮ ವಿನಂತಿಯಿಷ್ಟೆ: ಮೊದಲು ಕೈಗೆ ವಸ್ತುವನ್ನು ಕೊಡಿರಿ, ಬಳಿಕ ಅದನ್ನು ಕನ್ನಡದಲ್ಲಿ ಬಣ್ಣಿಸಹೇಳಿರಿ, ಕೊನೆಯಲ್ಲಿ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಹೆಸರನ್ನು ತಿಳಿಸಿರಿ. ಕಣ್ಣುಮುಚ್ಚಿ ಮನಸ್ಸಿನಲ್ಲಿಯೇ ಅಣುವನ್ನು ತಿರುಗಿಸಬಲ್ಲ ವಿದ್ಯಾರ್ಥಿಗೆ ಕಡ್ಡಿಗಳ ಹಂಗು ಉಳಿಯುವುದಿಲ್ಲ. ತಾನು ಯಾವ ಭಾಷೆಯಲ್ಲಿ ಓದಿದೆನೆಂಬ ಅಳುಕೂ ಉಳಿಯುವುದಿಲ್ಲ.