ಮೋಸಹೋಗೆವು

ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸುಗಳ ಪಾಠದಲ್ಲಿಯೇ ಮೂರು ದಶಕಗಳನ್ನು ಕಳೆದ ನನಗೆ, ಪಾಶ್ಚಾತ್ಯರ ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂಬ ಭಾವನೆಯಿತ್ತು. ಕಳೆದ ಜಾತ್ರೆಯಲ್ಲಿ ಶ್ರೀಮಠಕ್ಕೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಒಂದು ಹಾಡನ್ನು ಕೇಳಿಸಿ, "ಗುರುಗಳೇ, ಭ್ರಷ್ಟ ನಾಯಕರನ್ನು ಎದುರಿಸುವ ಗೀತೆಯಿದು, ಅರ್ಥವನ್ನು ತಾವೇ ಹೇಳಬೇಕು" ಎಂದನು.

ಅದು ಇಂಗ್ಲೆಂಡಿನ 'ದಿ ಹೂ' ತಂಡದ 'ವೋಂಟ್ ಗೆಟ್ ಫೂಲ್ಡ್ ಅಗೇನ್'. 1971ರಲ್ಲಿ ಹೊರಬಂದ ಈ ಗೀತೆಯನ್ನು ರಚಿಸಿದವರು ಪೀಟ್ ಟೌನ್‌ಶೆಂಡ್, ಹಾಡಿದವರು ರೋಜರ್ ಡಾಲ್ಟ್ರಿ. ಇದರಲ್ಲಿ ಕ್ರಾಂತಿಯಾಗುತ್ತದೆ, ಅಧಿಕಾರವು ಕೈಬದಲಾಗುತ್ತದೆ. ಆಳುವವರ ರೀತಿ ಮಾತ್ರ ಬದಲಾಗದು. ಅಮೆರಿಕದ ಅಧ್ಯಕ್ಷ ಬುಷ್‌ರನ್ನು ಟೀಕಿಸುವ ತಮ್ಮ ಚಿತ್ರಕ್ಕೆ ಮೈಕಲ್ ಮೂರ್ ಇದನ್ನು ಬೇಡಿದಾಗ ಟೌನ್‌ಶೆಂಡ್ ಒಪ್ಪಲಿಲ್ಲ. ಆ ಚಿತ್ರವು 2004ರಲ್ಲಿ ತೆರೆಕಂಡಿತು. 2006ರಲ್ಲಿ ಅಲ್ಲಿನ 'ನ್ಯಾಷನಲ್ ರಿವ್ಯೂ' ಪತ್ರಿಕೆಯು ಸಂಪ್ರದಾಯವಾದಿಗಳ ರಾಕ್ ಗೀತೆಗಳ ಪಟ್ಟಿಯಲ್ಲಿ ಇದಕ್ಕೆ ಅಗ್ರಸ್ಥಾನವಿತ್ತಿತು. ಆಗ ಕವಿಯು, ಇದು ಕ್ರಾಂತಿಯ ನಿಂದೆಯಲ್ಲ, ಕ್ರಾಂತಿಯ ಫಲವನ್ನು ಮೊದಲೇ ಊಹಿಸಲಾಗದೆಂಬ ಮಾತು ಎಂದು ವಿವರಿಸಿದರು. ಎರಡು ಪಕ್ಷದವರೂ ಒಂದೇ ಗೀತೆಯನ್ನು ತಮ್ಮದೆಂದು ಬಗೆದುದು ಸೋಜಿಗವಷ್ಟೆ!

ವೈಯಾಕರಣನ ಕಣ್ಣು ಶೀರ್ಷಿಕೆಯ ಮೇಲೆಯೇ ನಿಂತಿತು. ಅದನ್ನು ಕನ್ನಡಿಸಿದರೆ 'ಮತ್ತೆ ಮೋಸಹೋಗೆವು' ಎಂದಾಗುತ್ತದೆ. 'ಮೋಸಮಾಡಗೊಡೆವು' ಎಂದಲ್ಲ! ಮೋಸಮಾಡುವವನಿಗೆ ಈ ವಾಕ್ಯದಲ್ಲಿ ಸ್ಥಾನವೇ ಇಲ್ಲ. ಉತ್ತಮಪುರುಷ ಬಹುವಚನದ ಆ ನಿಷೇಧರೂಪವು ನಮ್ಮ ಹೊಣೆಯನ್ನು ನಮಗೇ ಒಪ್ಪಿಸುತ್ತದೆ.

ಇಷ್ಟು ಹೇಳುವಾಗ ನನ್ನ ಧ್ವನಿ ಕುಗ್ಗಿತು. ಇಪ್ಪತ್ತೈದರ ಹರೆಯದಲ್ಲಿ ನಾನು, ಲಂಚವನ್ನು ಬೇರುಸಹಿತ ಕೀಳುವೆನೆಂದ ಒಬ್ಬ ಮುಂದಾಳಿನ ಪರವಾಗಿ ಊರೂರು ಸುತ್ತಿ ಭಾಷಣ ಮಾಡಿದ್ದೆನು. ಅವರು ಗೆದ್ದ ಮರುವರ್ಷವೇ ಬಡ ರೈತನೊಬ್ಬನು ಬಂದು, "ಪಂಡಿತರೇ, ನಿಮ್ಮ ಮಾತು ನಂಬಿ ಮತ ಹಾಕಿದೆ, ಈಗ ಅಲ್ಲಿ ಮೊದಲಿಗಿಂತ ಹೆಚ್ಚು ಕೇಳುತ್ತಾರೆ" ಎಂದನು. ಆ ಮುಂದಾಳನ್ನು ಬಹುಕಾಲ ಹಳಿದೆನು. ಅವರ ಗುಣವನ್ನು ವಿಚಾರಿಸದೆ ಅಲಂಕಾರಗಳನ್ನು ತೊಡಿಸಿದ ನನ್ನ ನಾಲಗೆಯನ್ನು ಹಳಿದುಕೊಳ್ಳಲಿಲ್ಲ. ಆ ರೈತನಲ್ಲಿ ಕ್ಷಮೆ ಕೇಳಲೂ ಇಲ್ಲ.

ಗೀತೆಯ ಕೊನೆಗೆ ವಾದ್ಯದ ದೀರ್ಘ ಆವರ್ತನೆಯ ತರುವಾಯ ಗಾಯಕನ ಕೂಗೊಂದು ಬರುತ್ತದೆ. ಶಿಷ್ಯನಿಗೆ ಅದು ರೋಷವೆನಿಸಿತ್ತು. ನನಗೆ ಆ ರೈತನ ಮುಖ ಕಂಡಿತು. ನಮ್ಮ ಮಕ್ಕಳಿಗೆ ಸೊಗಸಾಗಿ ಮಾತನಾಡುವುದನ್ನು ಕಲಿಸುತ್ತಿದ್ದೇವೆ. ಸೊಗಸಾದ ಮಾತನ್ನು ಒರೆಗೆ ಹಚ್ಚುವುದನ್ನೂ ಕಲಿಸಿದರೆ ಈ ವಿದ್ಯಾಲಯದ ಸೇವೆ ಸಾರ್ಥಕವಾದೀತು.