ಅಜ್ಜಿಯ ಟ್ರಂಕು, 312 ಫೋಟೋ, ಸಿಗದೇ ಹೋದ ಒಂದು ಹೆಸರು

(1/3)

ಸಿಗಂದೂರಿಗೆ ಹೋಗುವಾಗ ಲಾಂಚ್ ಮೇಲೆ ನಿಂತು ನೀವೂ ವಿಡಿಯೋ ಮಾಡಿರ್ತೀರಿ. ಸೇತುವೆ ಬರೋಕೆ ಮುಂಚೆ ನಾನೂ ಮಾಡಿದ್ದೆ. ಸುತ್ತ ನೀರು, ನಡುವೆ ದ್ವೀಪದ ಹಾಗೆ ಗುಡ್ಡಗಳು, ಬೇಸಿಗೆಯಲ್ಲಾದ್ರೆ ಒಣಗಿದ ಮರದ ಬೊಡ್ಡೆಗಳು. ಒಂದು ಹಾಡು ಸೇರಿಸಿ ಸ್ಟೋರಿ ಹಾಕಿದ್ದೆ. ಆ ನೀರಿನ ಅಡಿಯಲ್ಲಿ ನನ್ನ ಅಜ್ಜಿ ಹುಟ್ಟಿದ ಮನೆ ಇದೆ ಅಂತ ನನಗೆ ಗೊತ್ತಿತ್ತು. ಆ ಮನೆ ಹೇಗಿತ್ತು ಅಂತ ಮಾತ್ರ ಯಾವತ್ತೂ ಕೇಳಿರಲಿಲ್ಲ.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಎಷ್ಟೋ ಊರುಗಳು ಪೂರ್ತಿ ನೀರಿನಡಿ ಹೋದವು. ಅಜ್ಜಿಯ ಮನೆಯವರು ಬಾಗಿಲು, ಕಂಬ, ಹಂಚು ಎಲ್ಲ ಬಿಚ್ಚಿ ಲಾರಿಗೆ ಹಾಕ್ಕೊಂಡು ಬಂದವರು. ನಮ್ಮ ಕಡೆ ಇದಕ್ಕೆ ಒಂದೇ ಮಾತು: ಮುಳುಗಡೆ. ಅಜ್ಜಿ ಈಗಲೂ ಕಾಲ ಎಣಿಸೋದು ‘ಮುಳುಗಡೆಗೆ ಮುಂಚೆ’, ‘ಮುಳುಗಡೆ ಆದ್ಮೇಲೆ’ ಅಂತಾನೇ.

ಆ ಮನೆಯದು ಅಂತ ಉಳಿದಿರೋದು ಒಂದೇ ಫೋಟೋ. ಮೊದಲ ಸ್ಲೈಡ್ ನೋಡಿ. ಸಾಗರದಿಂದ ಯಾರೋ ಫೋಟೋದವರು ಬಂದು ತೆಗೆದದ್ದಂತೆ. ಜಗಲಿ ಮುಂದೆ ಏಳು ಜನ. ಎಡದಿಂದ ಮೂರನೆಯ ಹುಡುಗಿ ನನ್ನ ಅಜ್ಜಿ, ಆಗ ಹನ್ನೆರಡು ವರ್ಷ.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ನೀವು ಮಾಡಬೇಡಿ ಅಂತಾನೇ ಈ ಮೂರು ಪೋಸ್ಟ್ ಬರೀತಿರೋದು.

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆಗೆದೆ. ಒಳಗೆ ಕಪ್ಪು ಹಾಳೆಯ ಒಂದು ಹಳೇ ಆಲ್ಬಂ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಪೂರ್ತಿ ಬೂಷ್ಟು ಹಿಡಿದಿತ್ತು. ಎಲ್ಲ ಫೋಟೋನೂ ಹುಷಾರಾಗಿ ಬಿಡಿಸಿಕೊಂಡೆ. ಪ್ರತಿ ಫೋಟೋದ ಕೆಳಗೆ ಒಂದೊಂದು ಚೀಟಿ ಅಂಟಿಸಿತ್ತು. ಮಸಿ ಹರಡಿತ್ತು, ಓದೋಕಾಗಲ್ಲ ಅಂದುಕೊಂಡೆ. ನಿಜ ಹೇಳಬೇಕೂಂದ್ರೆ ಓದೋಕೆ ಪ್ರಯತ್ನವೇ ಪಡಲಿಲ್ಲ. ಆಲ್ಬಂ ತಗೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದೆ.

ಸಂಜೆ ಅಜ್ಜಿ ಕೇಳಿದ್ರು, “ಪುಸ್ತಕ ಎಲ್ಲಿ?”

ಆ ಚೀಟಿಗಳನ್ನ ಬರೆದದ್ದು ಅಜ್ಜ. ಮದುವೆ ಆದ ಹೊಸದರಲ್ಲಿ ಅಜ್ಜಿಯನ್ನ ಒಬ್ಬೊಬ್ಬರ ಹೆಸರು ಕೇಳಿ ಕೇಳಿ ಬರ್ಕೊಂಡಿದ್ರಂತೆ. ನಾನು ಮಾಡಬೇಕು ಅಂತ ಹೊರಟಿದ್ದ ಕೆಲಸವನ್ನ ಅಜ್ಜ ಆಗಲೇ ಮಾಡಿ ಇಟ್ಟಿದ್ರು.

ಅಜ್ಜಿ ಬೈಯಲಿಲ್ಲ. “ಹೋಗ್ಲಿ ಬಿಡು ಮಾರಾಯ್ತಿ. ಮನೆನೇ ಹೋತು, ಪುಸ್ತಕದ್ದೇನು” ಅಂದ್ರು. ಬೈದಿದ್ರೆ ವಾಸಿ ಇತ್ತು.

(2/3)

ಕಳೆದ ಪೋಸ್ಟ್‌ಗೆ ತುಂಬಾ ಜನ “ಹಾಗಾದ್ರೆ ಹೇಗೆ ಮಾಡ್ಬೇಕು?” ಅಂತ ಕೇಳಿದ್ರಿ. 312 ಫೋಟೋ ಮಾಡಿ ಕಲಿತದ್ದು ಇಷ್ಟು. ಸೇವ್ ಮಾಡ್ಕೊಳ್ಳಿ.

1. ಆಲ್ಬಂ ಮುಟ್ಟೋಕೆ ಮುಂಚೆ ಪ್ರತಿ ಪುಟವನ್ನೂ ಇದ್ದ ಹಾಗೇ ಫೋನಲ್ಲಿ ತೆಗೀರಿ. ಯಾವ ಫೋಟೋ ಪಕ್ಕ ಯಾವುದಿದೆ, ಕೆಳಗೇನು ಬರೆದಿದೆ, ಎಲ್ಲ ಬೇಕು. ಹಿಂಬದಿಯನ್ನೂ ತೆಗೀರಿ, ಸ್ಟುಡಿಯೋದ ಸೀಲು, ತಾರೀಕು ಅಲ್ಲೇ ಇರುತ್ತೆ. ಒಣಗೋ ತನಕ ಏನನ್ನೂ ಎಸೀಬೇಡಿ.

2. ಮೇಲೆ ಪ್ಲಾಸ್ಟಿಕ್ ಹಾಳೆ, ಕೆಳಗೆ ಅಂಟು ಇರೋ ಆಲ್ಬಂ ನಿಮ್ಮ ಮನೆಯಲ್ಲೂ ಇರುತ್ತೆ, ಅಪ್ಪ ಅಮ್ಮನ ಮದುವೆದು. ಆ ಅಂಟೇ ಫೋಟೋಗೆ ಶತ್ರು. ಉಗುರಲ್ಲಿ ಕೀಳಬೇಡಿ. ಹಲ್ಲು ಸ್ವಚ್ಛ ಮಾಡೋ ಫ್ಲಾಸ್ ದಾರ ಸಿಗುತ್ತಲ್ಲ, ಅದನ್ನ ಫೋಟೋದ ಹಿಂದೆ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೀರಿ. ಬರಲೇ ಇಲ್ಲ ಅಂದ್ರೆ ಬಿಟ್ಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ.

3. ಜೆರಾಕ್ಸ್ ಅಂಗಡಿಗೆ ಹೋದ್ರೆ “600 ಡಿಪಿಐಗೆ ಇಡಿ” ಅಂತ ಕೇಳಿ. 4x6 ಇಂಚಿನ ಫೋಟೋ ಆಗ 2400x3600 ಪಿಕ್ಸೆಲ್ ಬರುತ್ತೆ. ಗಾಜಿನ ಮೇಲೇ ಇಡಿಸಿ, ಕಾಗದ ಎಳ್ಕೊಳ್ಳೋ ಫೀಡರ್‌ಗೆ ಹಾಕೋಕೆ ಬಿಡಬೇಡಿ. ಸ್ಕ್ಯಾನರ್ ಇಲ್ವಾ? ಕಿಟಕಿ ಪಕ್ಕ, ಬಿಸಿಲು ನೇರ ಬೀಳದ ಕಡೆ, ಫ್ಲ್ಯಾಶ್ ಆಫ್ ಮಾಡಿ ಮೇಲಿನಿಂದ ನೇರವಾಗಿ ತೆಗೀರಿ.

4. ಸ್ಕ್ಯಾನ್ ಮಾಡಿದ ಫೋಟೋಗೆ ಫೋನು ಇವತ್ತಿನ ತಾರೀಕು ಹಾಕುತ್ತೆ. ಹಾಗಾಗಿ ಫೈಲಿನ ಹೆಸರಲ್ಲೇ ವರ್ಷ ಮೊದಲು ಬರಲಿ: 1978_ದೊಡ್ಡಮ್ಮನ ಮದುವೆ_ಚಪ್ಪರ. ವರ್ಷ ಖಚಿತ ಇಲ್ಲ ಅಂದ್ರೆ ‘ಸುಮಾರು’ ಅಂತ ಸೇರಿಸಿ. ಊಹೆಯನ್ನ ಸತ್ಯ ಅಂತ ಬರೆದಿಡಬೇಡಿ, ಮುಂದಿನವರು ಅದನ್ನೇ ನಂಬ್ತಾರೆ.

5. ಫೋಟೋದ ಹಿಂದೆ ಬರೆಯೋದಾದ್ರೆ ಮೆತ್ತನೆ ಪೆನ್ಸಿಲ್, ಅಂಚಲ್ಲಿ, ಒತ್ತದೆ. ಬಾಲ್ ಪೆನ್ ಬೇಡ, ಗುರುತು ಮುಂದಕ್ಕೆ ಮೂಡುತ್ತೆ.

6. ಮನೆಯವರ ಗ್ರೂಪಿಗೆ ವಾಟ್ಸಾಪಲ್ಲಿ ಕಳಿಸೋದಾದ್ರೆ ‘ಡಾಕ್ಯುಮೆಂಟ್’ ಅಂತ ಕಳಿಸಿ, ಇಲ್ಲಾಂದ್ರೆ ಫೋಟೋ ಕುಗ್ಗುತ್ತೆ. ಒಟ್ಟು ಮೂರು ಕಾಪಿ ಇರಲಿ: ಲ್ಯಾಪ್‌ಟಾಪಲ್ಲಿ ಒಂದು, ಹಾರ್ಡ್ ಡಿಸ್ಕಲ್ಲಿ ಒಂದು, ಬೇರೆ ಊರಲ್ಲಿರೋ ನೆಂಟರ ಮನೆಯಲ್ಲೋ ಡ್ರೈವಲ್ಲೋ ಇನ್ನೊಂದು.

ಇಷ್ಟೆಲ್ಲ ಸಲೀಸು. ಕಷ್ಟದ ಕೆಲಸ ಮುಂದಿನ ಪೋಸ್ಟಲ್ಲಿದೆ.

(3/3)

ಎಲ್ಲ ಸ್ಕ್ಯಾನ್ ಆದ್ಮೇಲೆ ಫೋಟೋಗಳನ್ನ ಟೀವಿಗೆ ಹಾಕಿ ಅಜ್ಜಿಯನ್ನ ಎದುರಿಗೆ ಕೂರಿಸಿದೆ. ಫೋನಲ್ಲಿ ರೆಕಾರ್ಡ್ ಆನ್ ಮಾಡಿ ಪಕ್ಕಕ್ಕಿಟ್ಟೆ. ಅಂಗೈಯಗಲದ ಫೋಟೋ ಗೋಡೆಯಗಲ ಆದಾಗ ಅಜ್ಜಿಯ ಮಾತೇ ಬೇರೆ ಆಯ್ತು. “ಅಗೋ, ಬಾಗಿಲ ಹತ್ರ ಚಿಮಣಿ ದೀಪ ಇದೆ ನೋಡು. ಅದರ ಗಾಜು ಒಡ್ದಿದ್ದು ನಾನೇ, ಹೇಳಿದ್ದು ತಮ್ಮನ ಮೇಲೆ.” ಅರವತ್ತು ವರ್ಷದ ಹಿಂದಿನ ಸುಳ್ಳು ಆವತ್ತು ಹೊರಗೆ ಬಂತು.

ಜಗಲಿ ಫೋಟೋ ಬಂದಾಗ ಒಬ್ಬೊಬ್ಬರನ್ನೇ ಹೇಳುತ್ತಾ ಹೋದ್ರು. ದೊಡ್ಡಪ್ಪ, ಸಣ್ಣತ್ತೆ, ಅಬ್ಬೆ, ತಮ್ಮ. ಆರು ಜನ ಆದ್ರು. ಕಂಬ ಹಿಡ್ಕೊಂಡು ನಿಂತಿರೋ ಏಳನೆಯವಳ ಹತ್ರ ಬಂದಾಗ ನಿಂತುಬಿಟ್ರು.

“ಪಕ್ಕದ ಮನೆಯವಳು ಕಣೆ. ಎರಡು ಜಡೆ. ದಿನಾ ನನ್ನ ಜೊತೆ ಹೊಳೆಗೆ ಬರ್ತಿದ್ಲು. ಎಡಗೈಯಲ್ಲಿ ಕಲ್ಲು ಹೊಡೆದು ನೆಲ್ಲಿಕಾಯಿ ಉದುರಿಸ್ತಿದ್ಲು, ಒಂದು ಏಟೂ ತಪ್ತಿರ್ಲಿಲ್ಲ. ಹೆಸರು…”

ಬರಲಿಲ್ಲ. ಮುಳುಗಡೆ ಆದಾಗ ಅವರ ಮನೆಯವರ ಲಾರಿ ಒಂದು ಕಡೆ ಹೋಯ್ತು, ಇವರದು ಇನ್ನೊಂದು ಕಡೆ. ಆಮೇಲೆ ಒಬ್ಬರನ್ನೊಬ್ಬರು ನೋಡಿಲ್ಲ. ಕೇಳೋಣ ಅಂದ್ರೆ ಆ ಊರೇ ಇಲ್ಲ, ಆ ಫೋಟೋದಲ್ಲಿರೋ ಬೇರೆ ಯಾರೂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ತಮ್ಮಷ್ಟಕ್ಕೇ ಅಂದ್ರು, “ನಿಮ್ಮಜ್ಜ ಬರ್ದಿದ್ರು.”

ಹೌದು, ಬರೆದಿದ್ರು. ಆ ಹೆಸರು ಇದ್ದ ಚೀಟಿಯನ್ನ ಸುಟ್ಟವಳು ನಾನು. ಫೋಟೋ ಉಳಿಸಿದೆ ಅಂತ ನಾನು ಖುಷಿಪಡ್ತಿದ್ದೆ. ಮುಖ ಉಳೀತು, ಅವಳು ಯಾರು ಅನ್ನೋದು ಹೋಯ್ತು.

ಅದಕ್ಕೇ ಹೇಳ್ತಿರೋದು, ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತೆ. ಮೊದಲು ಅಜ್ಜಿ ಪಕ್ಕ ಕೂತ್ಕೊಳ್ಳಿ. ಈ ಭಾನುವಾರ ಹತ್ತೇ ಫೋಟೋ ಸಾಕು. ‘ಇವರು ಯಾರು’ ಅಂತ ಮಾತ್ರ ಕೇಳಿ ನಿಲ್ಲಿಸಬೇಡಿ, ‘ಆವತ್ತು ಏನಾಗ್ತಿತ್ತು’ ಅಂತಾನೂ ಕೇಳಿ. ಹೆಸರು ಮರೆತರೂ ನೆಲ್ಲಿಕಾಯಿಯಾದ್ರೂ ಸಿಗುತ್ತೆ.

ಆ ಫೈಲಿಗೆ ಸದ್ಯಕ್ಕೆ ನಾನು ಇಟ್ಟಿರೋ ಹೆಸರು ಇದು: ಸುಮಾರು1960_ಮುಳುಗಡೆಗೆ ಮುಂಚೆ_ಜಗಲಿ_7ನೆಯವರ ಹೆಸರು ಬೇಕು.

ನಿಮ್ಮ ಮನೆಯಲ್ಲಿ ಮುಳುಗಡೆಯಿಂದ ಬಂದ ಅಜ್ಜಿ ಯಾರಾದ್ರೂ ಇದ್ರೆ ಮೊದಲ ಸ್ಲೈಡ್ ದೊಡ್ಡದು ಮಾಡಿ ತೋರಿಸ್ತೀರಾ? ಬಲತುದಿಯಲ್ಲಿ, ಕಂಬದ ಪಕ್ಕ, ಎರಡು ಜಡೆ. ಈಗ ಎಂಬತ್ತರ ಹತ್ತಿರ ಇರಬಹುದು. ಎಡಗೈ ಬಳಸ್ತಾರೆ.

ಅಜ್ಜಿ ದಿನಾ ಸಂಜೆ ಕೇಳ್ತಾರೆ, “ಯಾರಾದ್ರೂ ಹೇಳಿದ್ರನೇ?”

#ಹಳೇಫೋಟೋ #ಅಜ್ಜಿಯಟ್ರಂಕು #ಮುಳುಗಡೆ #ಶರಾವತಿ